ಬೆರಳು ಬಿದ್ದ ಸಾಲು

"ಮನುಷ್ಯ ತನ್ನ ಜೀವ ಉಳಿಸಿಕೊಳ್ಳಾಕ ತನಗಿದ್ದದ್ದನ್ನೆಲ್ಲಾ ಕೊಡತಾನ. ಈ ಅರ್ಥದ ಮಾತು ಯೋಬನ ಪುಸ್ತಕದಾಗ ಬರತೈತಿ. ಹೇಳಿದವರು ಯಾರು?"

ದೇವಕ್ಕ ಟೀಚರು ಹೀಗೆ ಕೇಳಿದಾಗ ಕೋಣೆಯಲ್ಲಿದ್ದವರೆಲ್ಲ ಒಂದೇ ದನಿಯಲ್ಲಿ "ದೇವರು" ಎಂದರು. ಜಟ್ಟೆಪ್ಪನೂ ಅಂದ.

"ಸೈತಾನ," ಎಂದರು ದೇವಕ್ಕ.

ಹಿಂದೆ ಕುಳಿತಿದ್ದ ಹಣಮಂತಪ್ಪ ತಲೆ ಕೆರೆದುಕೊಂಡ. "ಅಕ್ಕಾರ, ನಾ ಅದನ್ನ ನಮ್ಮ ಬಾಗಲಾ ಮ್ಯಾಲ ಪೇಂಟಿನ್ಯಾಗ ಬರಸೇನ್ರಿ."

"ಬರಸಿದಿ? ಹಂಗಾರ ಅವಗ ಒಳಗ ಬಾ ಅಂತ ಬೋರ್ಡ್ ಹಾಕಿದಂಗಾತು ಬಿಡು."

ಎಲ್ಲರೂ ನಕ್ಕರು. ಬೈಲಹೊಂಗಲದ ಸೈಕಲ್ ಅಂಗಡಿಯೊಂದರ ಹಿಂದಿನ ಬಾಡಿಗೆ ಕೋಣೆ ಅದು. ಸತ್ಯವೇದವನ್ನು, ಅಂದರೆ ಬೈಬಲನ್ನು, ಓದುವುದು ಹೇಗೆ ಎಂದು ಶನಿವಾರ ಸಂಜೆ ಅಲ್ಲಿ ಕಲಿಸುತ್ತಿದ್ದರು. ಕಲಿಸುವ ದೇವಕ್ಕ ಸಾಲಿ ಟೀಚರಾಗಿ ನಿವೃತ್ತರಾದವರು. ಕಲಿಯಲು ಬರುತ್ತಿದ್ದವರು ಸುತ್ತಲಿನ ಊರುಗಳ ಮನೆ-ಪ್ರಾರ್ಥನೆಗಳಲ್ಲಿ ಉಳಿದವರಿಗೆ ಓದಿ ಹೇಳುವ ಜನ. ಜಟ್ಟೆಪ್ಪ ಮುನವಳ್ಳಿಯವನು. ಬೈಲಹೊಂಗಲದ ಮಾರ್ಕೆಟ್ಟಿನ ಒಂದು ದಲಾಲಿ ಅಂಗಡಿಯಲ್ಲಿ ಕಾಳಿನ ಚೀಲ ಹೊಲಿಯುತ್ತಿದ್ದ. ದೊಡ್ಡವನಾದ ಮೇಲೆ, ಸಾಕ್ಷರತೆಯ ಸಂಜೆ ವರ್ಗದಲ್ಲಿ ಅವನು ಅಕ್ಷರ ಕಲಿತಿದ್ದ. ಮುನವಳ್ಳಿಯ ಪ್ರಾರ್ಥನೆಯಲ್ಲಿ ಸರಾಗವಾಗಿ ಓದಬಲ್ಲವನು ಅವನೊಬ್ಬನೇ.

"ದೊಡ್ಡಾಟ ನೋಡೀರಿಲ್ಲ?" ದೇವಕ್ಕ ಮುಂದುವರಿಸಿದರು. "ವೇಷ ಹೊರಗ ಬಂದ ಕೂಡಲೆ ಸಾರಥಿ ಏನ ಕೇಳತಾನ? ತಾವು ಯಾರು, ಎಲ್ಲಿಂದ ಬಂದ್ರಿ. ಹೆಸರು ಹೇಳದ ಕುಣ್ಯಾಕ ಬಿಡಂಗಿಲ್ಲ. ಓದುವಾಗ ನೀವೂ ಸಾರಥಿ ಆಗಬೇಕು. ಮಾತು ಯಾರದು, ಯಾರಿಗೆ ಹೇಳಿದ್ದು, ಹಿಂದ ಏನ ನಡದಿತ್ತು, ಮುಂದ ಏನಾತು. ಇಷ್ಟು ಕೇಳದ ಒಂದು ಸಾಲು ಎತಗೊಂಡು ಯಾರಿಗೂ ಕೊಡಬ್ಯಾಡ್ರಿ."

ಆಮೇಲೆ ಅವರು ಯೋಬನ ಕತೆ ಹೇಳಿದರು. ಒಳ್ಳೆಯ ಮನುಷ್ಯ, ಮಕ್ಕಳನ್ನೆಲ್ಲ ಕಳೆದುಕೊಂಡ. ಸಮಾಧಾನ ಹೇಳಲು ಬಂದ ಗೆಳೆಯರು ಅವನ ಮೇಲೇ ತಪ್ಪು ಹೊರಿಸಿದರು. ಬಿಲ್ದದ ಎಂಬ ಗೆಳೆಯನಂತೂ, ನಿನ್ನ ಮಕ್ಕಳು ಪಾಪ ಮಾಡಿದ್ದಕ್ಕೇ ಸತ್ತರು ಎಂದುಬಿಟ್ಟ. ಕೊನೆಗೆ ದೇವರೇ ಮಾತಾಡಿ, ನನ್ನ ವಿಷಯದಲ್ಲಿ ನೀವು ಸರಿಯಾದದ್ದನ್ನು ಹೇಳಲಿಲ್ಲ ಎಂದು ಆ ಗೆಳೆಯರ ಮೇಲೆ ಸಿಟ್ಟಾದ.

ಜಟ್ಟೆಪ್ಪ ನಗುವುದನ್ನು ಯಾವಾಗಲೋ ನಿಲ್ಲಿಸಿದ್ದ. ತನ್ನ ಸತ್ಯವೇದದಲ್ಲಿ ಯೋಬನ ಪುಸ್ತಕದ ಎಂಟನೆಯ ಅಧ್ಯಾಯ ತೆಗೆದ. ಮಕ್ಕಳ ಪಾಪದ ಸಾಲಿನ ಕೆಳಗೆ ಕೆಂಪು ಬಾಲ್‌ಪೆನ್ನಿನ ಗೀಟು ಇತ್ತು. ಹಾಕಿದವನು ತಾನೇ.

ಮುನವಳ್ಳಿಯಲ್ಲಿ ಹಿಂದಿನಿಂದಲೂ ಹೊತ್ತಿಗಿ ತೆಗೆಸುವ ರೂಢಿ ಇತ್ತು. ದನ ಕಳೆದರೆ, ಮದುವೆ ನಿಂತರೆ, ಹೊತ್ತಿಗಿ ಇದ್ದವರ ಮನೆಗೆ ಹೋಗಿ ಕೇಳುವುದು. ಪುಟ ತೆಗೆದಲ್ಲಿ ಬಂದದ್ದೇ ಉತ್ತರ. ಪ್ರಾರ್ಥನೆಗೆ ಬರತೊಡಗಿದ ಮೇಲೂ ಜನ ಆ ರೂಢಿ ಬಿಡಲಿಲ್ಲ, ಹೊತ್ತಿಗಿ ಮಾತ್ರ ಬೇರೆಯಾಯಿತು. ಕೇಳುವವರು ಮುಚ್ಚಿದ ಸತ್ಯವೇದವನ್ನು ಮುಟ್ಟಬೇಕು. ಜಟ್ಟೆಪ್ಪ ಕಣ್ಣು ಮುಚ್ಚಿ ಅಲ್ಲೇ ತೆಗೆದು ಬೆರಳಿಡಬೇಕು. ಬೆರಳು ಬಿದ್ದ ಸಾಲು ದೇವರ ಉತ್ತರ. ಇದು ತಪ್ಪೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುತ್ತಿದ್ದನೋ ಇಲ್ಲವೋ. ಆ ಹೊತ್ತು ಎಲ್ಲರ ಕಣ್ಣೂ ಅವನ ಬೆರಳಿನ ಮೇಲೆ ಇರುತ್ತಿತ್ತು.

ಹೋದ ಬೇಸಿಗೆಯಲ್ಲಿ ತಾಯವ್ವನ ಮಗ ಗೌತಮ, ನವಿಲುತೀರ್ಥದ ಕಡೆಯ ಕಾಲುವೆಯಲ್ಲಿ ತನ್ನ ಟೆಂಪೋ ತೊಳೆಯಲು ಹೋದವನು ಕಾಲು ಜಾರಿ ಮುಳುಗಿದ. ತಾಯವ್ವ ತಪ್ಪದೆ ಪ್ರಾರ್ಥನೆಗೆ ಬರುತ್ತಿದ್ದವಳು. ಗೌತಮ ಒಮ್ಮೆಯೂ ಬಂದಿರಲಿಲ್ಲ. ಮಣ್ಣಾದ ಮೇಲಿನ ಮೊದಲ ಪ್ರಾರ್ಥನೆಯಲ್ಲಿ ಅವಳು ಪುಸ್ತಕ ಮುಟ್ಟಿ, "ನನ್ನ ಮಗಾ ಯಾಕ ಹ್ವಾದ?" ಎಂದು ಕೇಳಿದಳು.

ಜಟ್ಟೆಪ್ಪನ ಬೆರಳು ಬಿದ್ದದ್ದು ಮಕ್ಕಳ ಪಾಪದ ಸಾಲಿನ ಮೇಲಲ್ಲ. ಅದಕ್ಕಿಂತ ಸ್ವಲ್ಪ ಮೇಲೆ, ನಿನ್ನ ಬಾಯಿಯ ಮಾತು ಬಿರುಗಾಳಿಯಂತಿದೆ ಎಂಬ ಸಾಲಿನ ಮೇಲೆ. ಅದರಲ್ಲಿ ಉತ್ತರ ಕಾಣಲಿಲ್ಲ. ಅವನು ಬೆರಳನ್ನು ಮೆಲ್ಲಗೆ ಕೆಳಗೆ ಜಾರಿಸಿದ. ಉತ್ತರ ಸಿಕ್ಕಿತು. ಓದಿದಾಗ ಕುಳಿತವರೆಲ್ಲ ಹಾ ಎಂದು ಉಸಿರೆಳೆದುಕೊಂಡರು. ಇಷ್ಟು ನೇರವಾದ ಉತ್ತರ ಹಿಂದೆ ಎಂದೂ ಬಂದಿರಲಿಲ್ಲ. ಆ ಗಳಿಗೆಯಲ್ಲಿ ತನಗೆ ಸಂತೋಷವಾಗಿತ್ತು ಎಂಬುದು ಈಗ, ಈ ಕೋಣೆಯಲ್ಲಿ ಅವನಿಗೆ ನೆನಪಾಯಿತು. ಕೆಳಗೆ ಜಾರಿಸುವ ಬದಲು ಬೆರಳನ್ನು ಒಂದೇ ಸಾಲು ಮೇಲಕ್ಕೆ ಒಯ್ದಿದ್ದರೆ ಅಲ್ಲಿ ಬಿಲ್ದದನ ಹೆಸರು ಇತ್ತು.

ತರಗತಿ ಮುಗಿದ ಮೇಲೆ ಅವನು ದೇವಕ್ಕನ ಹತ್ತಿರ ನಿಂತ. "ಅಕ್ಕಾರ, ಯಾರರ ಗೊತ್ತಿಲ್ಲದ ಈ ಗೆಳೆಯನ ಮಾತು ದೇವರ ಮಾತಂತ ಓದಿ ಹೇಳಿದ್ರ?"

ದೇವಕ್ಕ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಯಾರು ಎಂದು ಕೇಳಲಿಲ್ಲ. "ಕೊನೀ ಅಧ್ಯಾಯ ಓದು. ಗೆಳೆಯರು ತಪ್ಪು ಮಾಡಿದ್ರಲ್ಲ, ದೇವರು ಅವರಿಗೆ ಎಲ್ಲಿ ಹೋಗು ಅಂದ?"

ಬಸ್ಸಿನಲ್ಲಿ ಅವನು ಅದನ್ನು ಓದಿದ. ಯೋಬನ ಹತ್ತಿರವೇ ಹೋಗಿರಿ, ಅವನು ನಿಮಗೋಸ್ಕರ ಪ್ರಾರ್ಥಿಸಲಿ ಎಂದಿತ್ತು. ಆ ವಾರ ಕೆಲಸದ ನಡುವೆ ಬಿಡುವು ಸಿಕ್ಕಾಗಲೆಲ್ಲ ಮೊದಲಿನಿಂದ ಕೊನೆಯವರೆಗೆ ಇಡೀ ಪುಸ್ತಕ ಓದಿದ. ಒಂದು ಪುಸ್ತಕವನ್ನು ಪೂರ್ತಿ ಓದಿದ್ದು ಅವನ ಜೀವನದಲ್ಲಿ ಅದೇ ಮೊದಲು. ಓದಿದಷ್ಟೂ ಗೆಳೆಯರ ಮಾತುಗಳು ತನ್ನ ಬಾಯಿಯ ಮಾತಿನಂತೆಯೇ ಕೇಳಿಸಿ, ಬಿಲ್ದದನ ಬಗ್ಗೆ ಅವನಿಗೆ ಕನಿಕರವೂ ಆಯಿತು, ಅಸಹ್ಯವೂ ಆಯಿತು.

ತಪ್ಪು ಮಾತಿನಲ್ಲೇ ಮುಗಿದಿದ್ದರೆ ಅವನು ಸುಮ್ಮನಿರುತ್ತಿದ್ದನೇನೋ. ಆದರೆ ಅವತ್ತಿನಿಂದ ತಾಯವ್ವ ಮಗನ ಪಾಪ ಯಾವುದು ಎಂದು ಹುಡುಕತೊಡಗಿದ್ದಳು. ಸೊಸೆ ಸ್ನೇಹಲ್‌ಳನ್ನು ದಿನವೂ ಕೇಳಿದಳು. ಕುಡಿಯುತ್ತಿದ್ದನೇ, ಬೇರೆ ಹೆಂಗಸಿನ ಸಹವಾಸವಿತ್ತೇ, ಯಾರದನ್ನಾದರೂ ಕದ್ದಿದ್ದನೇ. ಗಂಡನನ್ನು ಕಳೆದುಕೊಂಡವಳಿಗೆ ದಿನವೂ ಅದೇ ಪ್ರಶ್ನೆ. ಕೊನೆಗೆ ಸ್ನೇಹಲ್ ಮಗಳನ್ನು ಎತ್ತಿಕೊಂಡು ರಾಮದುರ್ಗದ ತವರಿಗೆ ಹೋದಳು. ಏನೋ ಮುಚ್ಚಿಡುತ್ತಿದ್ದಾಳೆ, ಅದಕ್ಕೇ ಓಡಿಹೋದಳು ಎಂದು ಪ್ರಾರ್ಥನೆಯ ಹೆಂಗಸರು ಮಾತಾಡಿಕೊಂಡರು. ಜಟ್ಟೆಪ್ಪನೂ ಹಾಗೆಯೇ ಅಂದುಕೊಂಡಿದ್ದ.

ಭಾನುವಾರ ಮಧ್ಯಾಹ್ನ ಅವನು ಹೋದಾಗ ತಾಯವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಬಾ ತಮ್ಮಾ, ಕುಂಡ್ರು. ಚಾ ಮಾಡಲೇನು?"

"ಬ್ಯಾಡ ಅಕ್ಕಾ."

"ನೀ ಬಂದದ್ದು ಚಲೋ ಆತು. ಶುಕ್ರವಾರ ಉಪಾಸ ಹಿಡದೇನಿ, ಅವನ ಪಾಪದ ಸಲುವಾಗಿ. ಅವತ್ತು ನೀ ಓದಿ ಹೇಳದಿದ್ರ ನನಗ ಏನ ತಿಳೀತಿತ್ತು, ಕುರುಡಿ ಇದ್ದಂಗ ಇರತಿದ್ದೆ."

ಅವಳು ಅವನ ಉಪಕಾರ ನೆನೆಯುತ್ತಿದ್ದಳು. ಜಟ್ಟೆಪ್ಪನಿಗೆ ಎದ್ದು ಹೋಗಬೇಕೆನಿಸಿತು. ಇನ್ನೊಂದು ದಿನ ಬರುತ್ತೇನೆ ಎನ್ನಲು ಬಾಯಿ ತೆರೆದ. ಬೇರೆಯೇ ಮಾತು ಹೊರಬಿತ್ತು.

"ಅಕ್ಕಾ, ಅದು ದೇವರ ಮಾತಲ್ಲ."

"ಯಾವುದು?"

"ಅವತ್ತು ನಾ ಓದಿದ್ದು. ಅದು ಬಿಲ್ದದ ಅಂತ ಒಬ್ಬ ಮನಶ್ಯಾ ಹೇಳಿದ್ದು. ದೇವರು ಕಡೀಕ ಅಂವಗ ನೀ ತಪ್ಪು ಹೇಳಿದಿ ಅಂತ ಬೈದಾನ. ನಾ ಹಿಂದ ಮುಂದ ನೋಡಲಿಲ್ಲ."

ತಾಯವ್ವನ ಕೈ ಜೋಳದ ಮೇಲೆ ನಿಂತಿತು. "ಆ ಪುಸ್ತಕದಾಗ ಐತಿ ಅಂದಿ."

"ಪುಸ್ತಕದಾಗ ಐತಿ. ದೇವರು ಅಂದದ್ದಲ್ಲ. ಊರಾಗಿನ ಜಗಳಾ ಯಾರೋ ಬರದಿಟ್ರ ಬೈದವರ ಮಾತೂ ಅದರಾಗ ಇರತೈತಲ್ಲಾ, ಹಂಗ."

"ಹಂಗಾರ ನನ್ನ ಮಗಾ ಯಾಕ ಹ್ವಾದ?"

"ಗೊತ್ತಿಲ್ಲ ಅಕ್ಕಾ. ಯೋಬಗೂ ದೇವರು ಯಾಕಂತ ಹೇಳಲಿಲ್ಲ."

ಅವಳು ಮೊರದಿಂದ ಒಂದು ಕಲ್ಲು ಆರಿಸಿ ಹೊರಗೆಸೆದಳು. ಅಳುತ್ತಾಳೆ ಎಂದುಕೊಂಡ. ಅಳಲಿಲ್ಲ.

"ಗೊತ್ತಿಲ್ಲ ಅಂತ ಅವತ್ತ ಹೇಳಾಕ ನಿನಗ ಏನಾಗಿತ್ತು? ಅಷ್ಟು ಭಾರ ಇತ್ತೇನು ಆ ಮಾತು?"

ಅವಳೇ ಮುಂದುವರಿಸಿದಳು.

"ಹೊಟ್ಟೀಲೆ ಹಡದ ಮಗನ್ನ ಕಳ್ಳಾ ಮಾಡಿದೆ. ಸೂಳಿಗಾರ ಮಾಡಿದೆ. ಅಕೀ ಎದುರಿಗೆ ಕುಂತು ಕೇಳಿದೆ." ತಾಯವ್ವ ಮೊರವನ್ನು ಬದಿಗೆ ಸರಿಸಿ ಎದ್ದಳು. "ನನಗ ಹೇಳಿದ್ರ ಸಾಲಂಗಿಲ್ಲ. ನಡಿ, ರಾಮದುರ್ಗಕ್ಕ. ಅಕೀಗೆ ಹೇಳು."

"ಈಗೇನು?"

"ಮತ್ತ ಯಾವಾಗ? ಹೊತ್ತಿಗಿ ತಗದು ನೋಡತಿಯೇನು?"

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕುಳಿತಳು, ಅವನು ಹಿಂದೆ ನಿಂತ. ಸವದತ್ತಿಯಲ್ಲಿ ಬಸ್ಸು ಬದಲಿಸಿದರು. ಹೇಳಬೇಕಾದ ಮಾತುಗಳನ್ನು ಅವನು ಮನಸ್ಸಿನಲ್ಲಿ ಜೋಡಿಸಿದ, ಕೆಡಿಸಿದ, ಮತ್ತೆ ಜೋಡಿಸಿದ. ಪ್ರತಿ ಸಲವೂ ಬೆರಳಿನ ವಿಷಯ ಬಂದಾಗ ಅದನ್ನು ದಾಟಿ ಮುಂದೆ ಹೋದ. ತಾಯವ್ವನಿಗೂ ಅದನ್ನು ಹೇಳಿರಲಿಲ್ಲ. ಗೊತ್ತಿಲ್ಲದೆ ಓದಿದೆ ಎಂದಷ್ಟೇ ಹೇಳಿದ್ದ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ಸ್ನೇಹಲ್ ಮನೆಯ ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಯಂತ್ರವಿಟ್ಟುಕೊಂಡು ರವಿಕೆಗೆ ಗುಂಡಿ ಹಚ್ಚುತ್ತಿದ್ದಳು. ಅತ್ತೆಯನ್ನು ನೋಡಿ ಎದ್ದು ನಿಂತಳು, ನಗಲಿಲ್ಲ. ನೀರು ತಂದಿಟ್ಟಳು. ಒಳಗಿನಿಂದ ಅವಳ ಪುಟ್ಟ ಮಗಳು ಇಣುಕಿ ಮತ್ತೆ ಒಳಗೆ ಹೋದಳು.

"ಮತ್ತೇನರ ಕೇಳೂದು ಉಳದೈತೇನ್ರಿ ಅತ್ತಿ?"

ತಾಯವ್ವ ಜಟ್ಟೆಪ್ಪನ ಕಡೆ ನೋಡಿದಳು. ಅವನು ಹೇಳಿದ. ಬಿಲ್ದದನ ಮಾತು, ದೇವರ ಸಿಟ್ಟು, ತಾನು ಹಿಂದೆ ಮುಂದೆ ಓದದೆ ಇದ್ದದ್ದು. ಸ್ನೇಹಲ್ ಸೂಜಿಯನ್ನು ಕೈಯಲ್ಲಿ ಹಿಡಿದೇ ಕೇಳಿದಳು.

"ಅಷ್ಟು ದಪ್ಪನ್ನ ಪುಸ್ತಕದಾಗ ಬೆರಳು ತಾನಾಗೇ ಅದ ಸಾಲಿನ ಮ್ಯಾಲ ಬಿತ್ತೇನ್ರಿ ಮಾಮಾ?"

ಅವಳ ದನಿಯಲ್ಲಿ ಕುಹಕವಿರಲಿಲ್ಲ, ನಿಜ ತಿಳಿಯಬೇಕೆಂಬುದಷ್ಟೇ ಇತ್ತು. ಕಾಲುವೆಯ ದಂಡೆಯಲ್ಲಿ ನಿಜವಾಗಿ ಏನಾಯಿತು ಎಂದು ಕೇಳಿದ್ದರೂ ಹೀಗೆಯೇ ಕೇಳುತ್ತಿದ್ದಳೇನೋ. ಹೌದು ಎಂದರೆ ಇಲ್ಲಿಗೇ ಮುಗಿಯುತ್ತಿತ್ತು. ಅವತ್ತು ಕಣ್ಣು ಮುಚ್ಚಿದ್ದವನು ತಾನೊಬ್ಬನೇ, ತೆರೆದವನೂ ತಾನೇ. ಬೇರೆ ಯಾರಿಗೂ ಸರಾಗವಾಗಿ ಓದಲು ಬರುತ್ತಿರಲಿಲ್ಲ.

"ಇಲ್ಲವ್ವಾ," ಎಂದ ಜಟ್ಟೆಪ್ಪ. "ಬ್ಯಾರೆ ಸಾಲಿನ ಮ್ಯಾಲ ಬಿದ್ದಿತ್ತು. ಅದರಾಗ ಉತ್ತರ ಇರಲಿಲ್ಲ. ನಾನ ಸರಿಸಿದೆ."

"ಯಾಕ?"

"ಎಲ್ಲಾರೂ ನೋಡಾಕ ಹತ್ತಿದ್ರು. ಉತ್ತರ ಕೊಡದಿದ್ರ ಓದಾಕ ಬರೂದಿಲ್ಲ ಅಂತ ತಿಳಕೊಂಡಾರು ಅನಿಸ್ತು. ಗೌತಮ ಪ್ರಾರ್ಥನಿಗೆ ಬರತಿರಲಿಲ್ಲ, ಆ ಸಾಲು ಅವಗ ಹೊಂದತೈತಿ ಅಂತ ನನಗ ಮದಲ ಅನಿಸಿತ್ತು. ಬೆರಳು ಸರಿಸೂಕಿಂತ ಮದಲ."

ತಾಯವ್ವ ಅವನ ಕಡೆ ತಿರುಗಿದಳು. ಸಂಜೆ ವರ್ಗಕ್ಕೆ ಹೋಗುವಾಗ ಅವನ ಪಾಟಿಯನ್ನು ಸೆರಗಿನಿಂದ ಒರೆಸಿ ಕೊಟ್ಟವಳು ಅವಳು. ಈಗ ಗುರುತು ಸಿಗದವರನ್ನು ನೋಡುವಂತೆ ನೋಡಿದಳು.

"ಅವರು ಯಾಕ ಬರತಿರಲಿಲ್ಲ ಗೊತ್ತೇನ್ರಿ?" ಸ್ನೇಹಲ್ ಕೇಳಿದಳು. "ಭಾನುವಾರ ಟೆಂಪೋಕ್ಕ ಬಾಡಿಗಿ ಜಾಸ್ತಿ. ಅತ್ತೀನ್ನ ಪ್ರಾರ್ಥನಿಗೆ ಬಿಟ್ಟು ಹೋಗತಿದ್ರು. ಹೊರಗ ಗಾಡಿ ನಿಂದ್ರಸಿದ್ದು ನೀವೂ ನೋಡೀರಿ."

ಹೌದು, ನೋಡಿದ್ದ. ಹಾರ್ನ್ ಹೊಡೆಯಬೇಡ ಎಂದು ಒಮ್ಮೆ ಬೈದಿದ್ದ ಕೂಡ.

"ಓದಿದ್ದು ಮಾಮಾ," ಎಂದಳು ಸ್ನೇಹಲ್, ಈಗ ತಾಯವ್ವನಿಗೆ. "ನಂಬಿದ್ದು ನೀವು. ಪುಸ್ತಕದಾಗ ಏನರ ಇರಲಿ ಅತ್ತಿ, ಮಗಾ ನಿಮ್ಮಾಂವ. ನಿಮಗ ಗೊತ್ತಿರಲಿಲ್ಲೇನು ಅಂವ ಎಂಥಾಂವ ಅಂತ?"

"ಗೊತ್ತಿತ್ತು." ತಾಯವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಗೊತ್ತಿತ್ತು ನನಗ. ದೇವರಿಗೆ ನನಕಿಂತ ಹೆಚ್ಚು ಗೊತ್ತು ಅನಕೊಂಡೆ."

ಸ್ನೇಹಲ್ ರವಿಕೆಯನ್ನು ಮಡಚಿ ಯಂತ್ರದ ಮೇಲಿಟ್ಟಳು. "ಮುನವಳ್ಳಿಗೆ ಬರತೇನಿ ಅಂತ ಈಗ ಹೇಳಾಂಗಿಲ್ಲ. ಇವತ್ತು ಇಲ್ಲೇ ಇರ್ರಿ. ಅವರ ಬಗ್ಗೆ ಮಾತಾಡಾಕ ಇಲ್ಲಿ ನನಗ ಯಾರೂ ಇಲ್ಲ. ನಮ್ಮವ್ವಗ ಅವರ ಹೆಸರು ತಗದ್ರ ಅಳು ಬರತೈತಿ." ಆಮೇಲೆ ಜಟ್ಟೆಪ್ಪನಿಗೆ, "ನೀವು ಹೊಂಡ್ರಿ ಮಾಮಾ. ಬಸ್ಸು ತಪ್ಪೀತು," ಎಂದಳು.

ಅವನು ಎದ್ದ. ಯಾವ ಮನೆಗೆ ಹೋದರೂ ಹೊರಡುವ ಮುಂದೆ ಅವನು ಪ್ರಾರ್ಥನೆ ಮಾಡುವುದು, ಮನೆಯವರು ತಲೆ ಬಾಗಿಸುವುದು ರೂಢಿ. ಇಲ್ಲಿ ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಸರಿ ಎನಿಸಿತು. ಆದರೆ ಕೊನೆಯ ಅಧ್ಯಾಯ ಅವನನ್ನು ಬಿಡಲಿಲ್ಲ.

"ಅಕ್ಕಾ, ನೀ ನನ್ನ ಸಲುವಾಗಿ ಒಂದು ಪ್ರಾರ್ಥನಿ ಮಾಡತಿಯೇನು?"

ತಾಯವ್ವ ಯೋಚಿಸಿದಳು. ಅವನ ಮೇಲಿನ ಸಿಟ್ಟಿನಲ್ಲೂ ಆ ಮಾತನ್ನು ಅವಳು ಹಗುರವಾಗಿ ತೆಗೆದುಕೊಳ್ಳಲಿಲ್ಲ.

"ಇವತ್ತು ಬ್ಯಾಡ," ಎಂದಳು. "ಇವತ್ತು ಮಾಡಿದ್ರ ಬರೇ ಬಾಯಿಲೆ ಮಾಡಿದಂಗ ಆಗತೈತಿ. ಮನಸಿನಿಂದ ಆದಾಗ ಮಾಡತೇನಿ. ನಿನಗ ಹೇಳಾಂಗಿಲ್ಲ."

ಜಟ್ಟೆಪ್ಪ ಚಪ್ಪಲಿ ಮೆಟ್ಟಿ ಕಟ್ಟೆ ಇಳಿದ. ಹಿಂದೆ ತಾಯವ್ವ ಏನೋ ಕೇಳಿದಳು, ಸ್ನೇಹಲ್ ಏನೋ ಹೇಳಿದಳು. ಗೌತಮನ ಹೆಸರು ಕೇಳಿದಂತಾಯಿತು. ಉಳಿದದ್ದು ತನಗೆ ಸೇರಿದ ಮಾತಲ್ಲ ಎಂದುಕೊಂಡು ಅವನು ಬೇಗ ಬೇಗ ನಡೆದ.