ನಾಯಿ ಕೆಮ್ಮಿದ ದಿಬ್ಬ

“ನಾಯಿ ಕೆಮ್ಮಿದ ದಿಬ್ಬ! ಏನೇ ಇದು? ಕೋಸಿನ ಡಬ್ಬದ ಮೇಲೆ ನಾಯಿ ಕೆಮ್ಮು ಅಚ್ಚು ಹಾಕ್ಸಿದ್ರೆ ತೈಪೆಯಲ್ಲಿ ಯಾವ ಬೋಳಿಮಗ ಕೊಂಡ್ಕೋತಾನೆ?”

ಕುವೊ ಧಣಿ ಹಾಳೆಯನ್ನು ಅಬೂಸಳ ಮೂಗಿನ ಮುಂದೆ ಆಡಿಸಿದ. ಬೆಟ್ಟದ ಬುಡಕಟ್ಟಿನವರಾದ ನಾವು ಹನ್ನೊಂದು ಜನ ಬುನುನರು ಅದೇ ದಿಬ್ಬದ ಇಳಿಜಾರಿನಲ್ಲಿ ಬಗ್ಗಿ ಎಲೆಕೋಸು ಕೊಯ್ಯುತ್ತಿದ್ದೆವು. ಯಾರೂ ತಲೆ ಎತ್ತಲಿಲ್ಲ, ಕಿವಿ ಮಾತ್ರ ಅತ್ತಲೇ ಇದ್ದವು.

ಅಬೂಸಳಿಗೆ ಹದಿನಾರು. ಚಳಿಗಾಲದ ರಜೆಯಲ್ಲಿ ನಮ್ಮ ಜೊತೆ ಕೂಲಿಗೆ ಬರುತ್ತಾಳೆ. ‘ನನ್ನ ನೆಲ’ದ ಬಗ್ಗೆ ಚೆನ್ನಾಗಿ ಬರೆದವರ ಬರಹವನ್ನು ಡಬ್ಬಗಳ ಮೇಲೆ ಅಚ್ಚು ಹಾಕಿಸುತ್ತೇನೆಂದು ಧಣಿಯೇ ಶಾಲೆಯಲ್ಲಿ ಹೇಳಿಬಂದಿದ್ದ. ಬೆಟ್ಟದ ಮಕ್ಕಳ ಬರಹ ಕಂಡರೆ ಪೇಟೆಯವರ ಕರುಳು ಕರಗುತ್ತದಂತೆ. ಉಳಿದ ಮಕ್ಕಳು ಮಂಜು, ಮೋಡ ಎಂದು ಗೀಚಿ ಕೈತೊಳೆದುಕೊಂಡರು. ಇವಳು ಮಾತ್ರ ಎರಡು ವಾರ ಅಜ್ಜಿ ಇಬುವಿನ ಬೆನ್ನು ಹತ್ತಿದಳು.

“ಇಲ್ಲಿಗೇನಂತಾರಜ್ಜಿ?”

“ಸೊಸೆ ಮುನಿದ ಬಂಡೆ. ನಿಮ್ಮವ್ವ ಅಲ್ಲ ಕಣಮ್ಮಿ, ಅದ್ಕೂ ಹಿಂದಿನ ಸೊಸೆ.”

ಹೀಗೆ ಕರಡಿ ಜಾರಿದ ಹಳ್ಳ, ಕುಡುಕನ ತಿರುವು, ಎಲ್ಲವೂ ಅವಳ ಹಾಳೆಗೆ ಇಳಿದವು. ಕೊನೆಗೆ ಬರೆದಿದ್ದಳು: ‘ಈ ದಿಬ್ಬ ಕಾಗದದಲ್ಲಿ ನನ್ನ ಅಜ್ಜಿಯದು. ಅಜ್ಜಿ ಇಲ್ಲಿ ಕೂಲಿ.’

ಬರೆದದ್ದು ಸುಳ್ಳಲ್ಲ. ಕಾನೂನಿನ ಪ್ರಕಾರ ನಮ್ಮ ಜನರ ನೆಲವನ್ನು ಹೊರಗಿನವರು ಕೊಳ್ಳುವಂತಿಲ್ಲ. ಅದಕ್ಕೇ ಕಾಗದದಲ್ಲಿ ಹೆಸರು ನಮ್ಮದು, ಬೆಳೆದ ಕೋಸು ಅವನದು.

“ಕೊನೇ ಸಾಲು ಹೊಡ್ದಾಕು. ‘ಮಂಜು ಕುಡ್ದು ಸಿಹಿಯಾದ ಕೋಸು’ ಅಂತ ಬರಿ,” ಎಂದ ಧಣಿ.

“ಕೋಸು ಕುಡ್ದಿದ್ದು ಮಂಜಲ್ಲ ಧಣಿ, ಔಷ್ದಿ. ಹೊಡ್ದೋನು ನಮ್ಮಪ್ಪ.”

ಬಿಯುಂಗ ಮಾವ ಕಿಸಕ್ಕೆಂದ. ಅಷ್ಟೇ ಸಾಕಾಯಿತು.

“ಕಾಡುಜಾತಿಗೆ ಅಕ್ಷರ ಕಲ್ಸಿದ್ದೇ ತಪ್ಪು!” ಧಣಿ ಹಾಳೆಯನ್ನು ಚೂರು ಮಾಡಿ ಕೆಸರಿಗೆಸೆದ. “ಇಲ್ಲಿ ಮುಗೀತಲ್ಲ? ಏಳನೇ ನಂಬರ್ ಹೊಲಕ್ಕೆ ನಡೀರಿ. ಲಾರಿ ಕಾಯ್ತಿದೆ.”

ಅಬೂಸ್ ಬಗ್ಗಿ ಚೂರುಗಳನ್ನು ಹೆಕ್ಕತೊಡಗಿದಳು. ಇಬು ಸೊಂಟ ಹಿಡಿದು ನೆಟ್ಟಗಾದಳು.

“ಏಳನೇ ನಂಬರ್ ಎಲ್ಲೈತೆ ಧಣಿ?”

“ಇಪ್ಪತ್ತು ವರ್ಷದಿಂದ ಕೊಯ್ತಿದೀಯಲ್ಲೇ ಮುದುಕಿ!”

“ವಯಸ್ಸಾಯ್ತಲ್ಲಪ್ಪ, ನಂಬರ್ ನಿಲ್ಲಾಕಿಲ್ಲ ತಲೇಲಿ. ಹೆಸರೇಳು, ಕಾಲು ತಾವೇ ಹೋಯ್ತವೆ.”

“ನಂಗೂ ಮರ್ತೋಯ್ತು,” ಎಂದ ಬಿಯುಂಗ ಮಾವ. “ಬೆಳಿಗ್ಗೆ ಗಂಜಿ ಕುಡಿಯೋವಾಗ ಇತ್ತು ಕಣ್ರಪ್ಪ.”

ನಮಗೂ ಒಬ್ಬೊಬ್ಬರಿಗೇ ಮರೆತುಹೋಯಿತು. ಕೂತೆವು. ಬಿಸಿಲೇರಿತು, ಕೊಯ್ದ ಕೋಸಿನ ಎಲೆ ಬಾಡತೊಡಗಿತು. ಧಣಿ ಬೈದ, ರಮಿಸಿದ, ಬೇರೆ ಕೂಲಿಯವರಿಗಾಗಿ ಕೆಳಗಿನ ಊರಿಗೆ ಫೋನ್ ಮಾಡಿದ. ಅಲ್ಲಿಯವರೆಲ್ಲ ನಮ್ಮ ನೆಂಟರೇ. ಕಡೆಗೆ ಹಲ್ಲು ಕಚ್ಚಿಕೊಂಡು ಅಬೂಸಳ ಕಡೆ ತಿರುಗಿದ.

“ಏನೇ ಅದರ ಹೆಸ್ರು?”

ಸೊಸೆ ಮುನಿದ ಬಂಡೆ ಎಂಬುದನ್ನು ಅವಳು ನಮ್ಮ ಮಾತಿನಲ್ಲಿ ಹೇಳಿಕೊಟ್ಟಳು. ಅವನು ಅಂದ.

“ಗಂಟಲಿಂದ ಬರ್ಲಪ್ಪ,” ಎಂದಳು ಇಬು. “ನೀನಂದಿದ್ದು ಸೊಸೆ ಅಲ್ಲ, ಹಂದಿ.”

ಮೂರನೇ ಸಲಕ್ಕೆ ಸರಿಹೋಯಿತು. ನಾವು ನಕ್ಕು ನಕ್ಕು ಎದ್ದೆವು. ಧಣಿಯ ಕಿವಿ ಕೆಂಪಗಾಗಿತ್ತು.

“ನಾಳೆಯಿಂದ ಈ ಹುಡುಗಿ ಕೆಲ್ಸಕ್ಕೆ ಬೇಡ.”

“ಆಗ್ಲಿ,” ಎಂದಳು ಇಬು. “ನಾಳೆ ನಂಗೂ ಬಿಡುವಿಲ್ಲ. ನವಣೆ ಬಿತ್ತಬೇಕು.”

“ನವಣೇನಾ? ಎಲ್ಲಿ?”

ಮುದುಕಿ ಅವನ ಬೂಟುಗಳನ್ನೇ ನೋಡಿದಳು.

“ನೀ ನಿಂತಿದೀಯಲ್ಲಪ್ಪ, ಅಲ್ಲೇ. ವಸಿ ಸರ್ಕೋ.”