ತೆರೆಯ ಮೇಲಿನ ಮೀನು

ಅಕ್ಕಲಕೋಟೆಯ ಟಾಕೀಜಿನಲ್ಲಿ ಚನ್ನವೀರಪ್ಪನಿಗೆ ಮುಳ್ಳಿನ ಮೇಲೆ ಕೂತಂತಾಗಿತ್ತು. ಸೊಲ್ಲಾಪುರದ ನೂಲಿನ ವ್ಯಾಪಾರಿ ಅವನು. ಈ ವರ್ಷ ನೈಲಾನ್ ಮೀನುಬಲೆಯನ್ನೂ ಮಾರಾಟಕ್ಕಿಟ್ಟಿದ್ದ. ನಾಕು ಜನಕ್ಕೆ ಗೊತ್ತಾಗಲೆಂದು ಭೀಮಾ ಹೊಳೆಯಲ್ಲಿ ಒಂದು ನಿಮಿಷದ ಜಾಹೀರಾತು ತೆಗೆಸಿದ್ದ. ಇವತ್ತಿನ ಮ್ಯಾಟಿನಿಯಲ್ಲಿ, ಸಿನೆಮಾಕ್ಕೆ ಮೊದಲು, ಅದನ್ನು ತೋರಿಸುವವರಿದ್ದರು.

ಅವನ ಚಿಂತೆ ಬೇರೆಯೇ ಇತ್ತು. ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ. ಮನೆಯೊಳಗೆ ಮೊಟ್ಟೆ ಸಹ ಬಂದದ್ದಿಲ್ಲ. ಶೂಟಿಂಗಿನ ದಿನ ಬಲೆಗೆ ಸಿಕ್ಕ ಮೀನು ಬಾಯಿ ತೆರೆದು ಒದ್ದಾಡಿದಾಗ, ತಡೆಯಲಾರದೆ ಎರಡೂ ಕೈಯಿಂದ ಎತ್ತಿ ಹೊಳೆಗೆ ಬಿಟ್ಟುಬಿಟ್ಟಿದ್ದ. 'ಅದಷ್ಟು ಕತ್ತರಿಸಿ ಒಗಿಯಪಾ' ಎಂದು ಕ್ಯಾಮೆರಾದವನಿಗೆ ಮೂರು ಸಲ ಹೇಳಿದ್ದ.

ಕತ್ತರಿಸಿರಲಿಲ್ಲ, ಆ ಹುಚ್ಚಪ್ಯಾಲಿ! ಗೋಡೆಯಷ್ಟು ದೊಡ್ಡ ತೆರೆಯ ಮೇಲೆ, ಹಣೆತುಂಬ ವಿಭೂತಿ ಬಳಿದುಕೊಂಡ ಚನ್ನವೀರಪ್ಪ ಮೀನನ್ನು ಕೂಸಿನಂತೆ ಹಿಡಿದು ನೀರಿಗೆ ಬಿಟ್ಟ. ಬಾಲ ಬಡಿದು ಅದು ಓಡಿತು. ಜನ ಬಿದ್ದು ಬಿದ್ದು ನಕ್ಕರು. ಅವನು ಧೋತರದ ಚುಂಗು ಹಿಡಿದು ಸರಸರ ಹೊರಬಿದ್ದ.

ಸಿನೆಮಾ ನೋಡಲು ಬಂದಿದ್ದ, ಭೀಮಾ ದಂಡೆಯ ಭಂಡಾರಕವಠೆಯಲ್ಲಿ ಮೀನು ಹಿಡಿಯುವ ಅಂಬಿಗರ ಬಂಡೆಪ್ಪ ಬೆನ್ನ ಹಿಂದೆಯೇ ಓಡಿಬಂದ.

'ಸಾವಕಾರ್ರ, ನಿಂದರ್ರಿ! ನಿಮ್ಮ ಬಲ್ಯಾಗ ಸಿಕ್ಕರೂ ಮೀನಿಗಿ ಒಂದು ಗಾಯಿಲ್ಲ, ಹೆಂಗ ಜಿಗೀತು ನೋಡ್ರಿ! ಜೀವಂತ ಮೀನಿಗಿ ಬಜಾರದಾಗ ದುಪ್ಪಟ್ಟು ರೇಟ ಅದ. ನಾಕು ಬಲಿ ನನಗ ಬೇಕು.'

ಚನ್ನವೀರಪ್ಪನ ಕಾಲು ನಿಂತವು.

'ಯಾವಾಗ ಒಯ್ತಿ?' ಎಂದ.

'ನಾಳೀನ. ತೆರಿ ಮ್ಯಾಲ ಜಾಗಾನೂ ಗುರ್ತ ಹಿಡದೀನ್ರಿ. ನೀವು ಬಿಟ್ಟೀರಲ್ಲ, ಆ ಮೀನಿಂದನ ಬೋಣಿಗಿ ಮಾಡ್ತೀನಿ.'