ಅಕ್ಕ ಕೂರಿಸಿದ ಕನ್ನಡಿ

ನಮ್ಮ ಪ್ರಯೋಗಾಲಯದಲ್ಲಿ ಎಲ್ಲೂ ಬರೆಯದ ಕಾನೂನೊಂದಿತ್ತು: ಅಕ್ಕ ಕೂರಿಸಿದ ಕನ್ನಡಿಯನ್ನು ಯಾರೂ ಮುಟ್ಟಬಾರದು. ಅವಳು ಪ್ರಯೋಗಾಲಯಕ್ಕೆ ಮುಖ್ಯಸ್ಥೆ, ನನಗೆ ಒಡಹುಟ್ಟಿದವಳು. ಎರಡೂ ಕಡೆ ಅವಳದೇ ಕೊನೆಯ ಮಾತು.

ಬೆಳಕಿಗೂ ಒಂದು ಗಿರಕಿ ಇರುತ್ತದೆ, ಅದಕ್ಕೆ ವಸ್ತುವನ್ನು ತಿರುಗಿಸುವ ಕಸುವಿದೆ. ಅದನ್ನು ಕಣ್ಣಾರೆ ತೋರಿಸಿಯೇ ತೀರುತ್ತೇನೆಂದು ನಾನು ಪಟ್ಟು ಹಿಡಿದಿದ್ದೆ. ಲೇಸರ್ ಬೆಳಕು ಸ್ಫಟಿಕದ ಬಿಲ್ಲೆಯೊಂದನ್ನು ಹಾದಾಗ ಗಿರಕಿ ಪಡೆಯುತ್ತದೆ. ಆಮೇಲೆ ಕನ್ನಡಿಗೆ ಬಡಿದು ಮೇಲಕ್ಕೆ ಹೊರಳಿ, ಸೂಕ್ಷ್ಮದರ್ಶಕದಲ್ಲಿಟ್ಟ ನೀರಹನಿಯೊಳಗಿನ ಪುಟಾಣಿ ಹರಳೊಂದನ್ನು ಹಿಡಿದು ನಿಲ್ಲಿಸುತ್ತದೆ. ಆ ಹರಳು ಬುಗುರಿಯಂತೆ ಸುತ್ತಬೇಕಿತ್ತು. ಅದೋ, ತುಸು ವಾಲಿ ಒಂದೇ ಕಡೆ ಮುಖ ಮಾಡಿ ನಿಂತುಬಿಡುತ್ತಿತ್ತು. ನನಗೆ ಅಳು ಬರುವಷ್ಟು ಸಿಟ್ಟು.

"ಸಾಕು ಬಿಡೇ," ಅಂದಳು ಅಕ್ಕ. "ನಾನೂ ಇದರ ಹಿಂದೆ ಬಿದ್ದು ಕೈ ಸುಟ್ಕೊಂಡವಳೇ. ನಾಳೆ ಈ ಮೇಜು ಬೇರೆಯವರಿಗೆ ಕೊಡ್ತೀನಿ."

ಇದೇ ಮೇಜಿನ ಮೇಲೆ, ಇದೇ ಕನ್ನಡಿ ಇಟ್ಟು ಮಾಡಿದ ಇದೇ ಪ್ರಯೋಗ ಕೈಕೊಟ್ಟಿದ್ದರಿಂದ ಅವಳು ತನ್ನ ಪಿಎಚ್‌ಡಿಯ ವಿಷಯವನ್ನೇ ಬದಲಿಸಿದ್ದಳು. ಮನೆಯಲ್ಲಿ ಯಾರೂ ಆ ಮಾತೆತ್ತುವುದಿಲ್ಲ.

ಅವಳು ಊಟಕ್ಕೆ ಹೋದಾಗ ನಾನು ಏಳಲಿಲ್ಲ. ಬೆಳಕಿನ ದಾರಿಯುದ್ದಕ್ಕೂ ಗಿರಕಿಯನ್ನು ಅಳೆಯುತ್ತ ಬಂದೆ. ಬಿಲ್ಲೆ ದಾಟಿದ ಮೇಲೆ ಸರಿಯಾಗಿಯೇ ಇತ್ತು. ಕನ್ನಡಿ ದಾಟಿದ ಮೇಲೆ ಕೆಟ್ಟು ಕೆರ ಹಿಡಿದಿತ್ತು. ಇಷ್ಟು ವರ್ಷ ಗಿರಕಿಯನ್ನು ನುಂಗುತ್ತಿದ್ದುದು ಆ ಕನ್ನಡಿಯೇ, ಅದನ್ನು ಅನುಮಾನಿಸುವ ಎದೆಗಾರಿಕೆ ಮಾತ್ರ ಯಾರಿಗೂ ಬಂದಿರಲಿಲ್ಲ. ಗಿರಕಿ ಕನ್ನಡಿ ದಾಟಿದ ಮೇಲೆಯೇ ಹುಟ್ಟಲೆಂದು ಬಿಲ್ಲೆಯನ್ನು ಕಿತ್ತು ಕನ್ನಡಿಯ ಆಚೆಗೆ, ಸೂಕ್ಷ್ಮದರ್ಶಕದ ಬುಡದ ಇಕ್ಕಟ್ಟಿನಲ್ಲಿ ಬೆರಳು ತರಚಿಕೊಂಡು ಕೂರಿಸಿದೆ. ಬೈದರೆ ಬೈಯಲಿ.

ಅಕ್ಕ ಬಂದಾಗ ಪರದೆಯ ಮೇಲೆ ಹರಳು ಗಿರಗಿರನೆ ಸುತ್ತುತ್ತಿತ್ತು.

"ಲೇಸರಿನ ಬಿಸಿಗೆ ನೀರು ಸುಳಿ ಸುತ್ತುತ್ತಿದೆ ಅಷ್ಟೇ," ಅಂದಳು ನಿಂತಲ್ಲಿಂದಲೇ.

"ಬಿಸಿಗೆ ಎಡ ಬಲ ಗೊತ್ತಾಗುತ್ತಾ ಅಕ್ಕಾ? ನೀನೇ ಬಿಲ್ಲೆ ತಿರುಗಿಸಿ ನೋಡು. ಬೆಳಕಿನ ಗಿರಕಿ ತಿರುವುಮುರುವಾದ್ರೆ ಹರಳೂ ಉಲ್ಟಾ ಸುತ್ತಬೇಕು."

ತಿರುಗಿಸಿದಳು. ಹರಳು ನಿಧಾನವಾಯಿತು, ನಿಂತಿತು, ಆಮೇಲೆ ಎದುರು ದಿಕ್ಕಿಗೆ ಸುತ್ತತೊಡಗಿತು.

ಅಕ್ಕ ಬಿಲ್ಲೆಯಿಂದ ಕೈ ತೆಗೆಯಲಿಲ್ಲ. "ಆ ಕನ್ನಡಿ ಕೂರಿಸಿದ್ದು ನಾನೇ ಅಲ್ವೇನೇ?"

"ಹೂಂ."

"ಆಗುತ್ತಿದ್ದ ಕೆಲಸಾನ ಆಗಲ್ಲ ಅಂತ ಬಿಟ್ಟಿದ್ದೂ ನಾನೇ." ಸ್ಟೂಲು ಎಳೆದುಕೊಂಡು ಕೂತಳು. "ಮೇಜು ಯಾರಿಗೂ ಕೊಡಲ್ಲ. ಏಳು, ಊಟ ಮಾಡ್ಕೊಂಡು ಬಾ."

ನಾನು ಉಂಡು ಬಂದಾಗಲೂ ಅವಳು ಬಿಲ್ಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸುತ್ತ, ಮೂಗು ಒರೆಸಿಕೊಳ್ಳುತ್ತ ಅಲ್ಲೇ ಕೂತಿದ್ದಳು.